ಒಂದೇ ಬಾಯಿ, 128 ಗೋಡೆ: ಹುಳುಕು ಮೊದಲು ಎಲ್ಲಿ ಬೀಳುತ್ತೆ?

ಇವತ್ತು ಒಂದು ಸಣ್ಣ ಕೆಲಸದಿಂದ ಶುರು ಮಾಡೋಣ. ಬಸ್ಸಲ್ಲಿದ್ರೂ ಪರವಾಗಿಲ್ಲ, ಬಾಯಿ ಮುಚ್ಕೊಂಡೇ ಮಾಡಬಹುದು. ನಾಲಗೆಯ ತುದಿಯನ್ನ ಕೆಳಗಿನ ದವಡೆ ಹಲ್ಲಿನ ಮೇಲೆ ಒಮ್ಮೆ ಓಡಿಸಿ. ಗುಡ್ಡ, ಕಣಿವೆ, ಮತ್ತೆ ಗುಡ್ಡ. ಈಗ ಅದೇ ನಾಲಗೆಯನ್ನ ಕೆಳಗಿನ ಮುಂದಿನ ಹಲ್ಲುಗಳ ಹಿಂದಕ್ಕೆ ತನ್ನಿ. ಅಲ್ಲಿ ಗುಡ್ಡವೂ ಇಲ್ಲ, ಕಣಿವೆಯೂ ಇಲ್ಲ, ಬರೀ ಗೋಡೆ. ಎರಡೂ ಒಂದೇ ಬಾಯಲ್ಲಿವೆ, ಎರಡಕ್ಕೂ ಅದೇ ಪೇಸ್ಟು, ಅದೇ ಕಾಫಿ, ಅದೇ ಜಾಮೂನು. ಆದ್ರೆ ಮೊದಲನೇ ಜಾಗ ಮನುಷ್ಯನ ಬಾಯಲ್ಲಿ ಅತಿ ಬೇಗ ಹುಳುಕಾಗೋ ಜಾಗಗಳಲ್ಲಿ ಒಂದು. ಎರಡನೇದು ಅತಿ ಸುರಕ್ಷಿತ ಜಾಗಗಳಲ್ಲಿ ಒಂದು.

ಬಿ.ಕಾಂ. ಮಾಡಿದ ತಲೆ ನನ್ನದು, ಏನೇ ಓದಿದ್ರೂ ಮೊದಲು ಲೆಕ್ಕ ಹಾಕೋ ಚಾಳಿ. ಬುದ್ಧಿ ಹಲ್ಲು ಬಿಟ್ಟರೆ ನಮಗೆ 28 ಹಲ್ಲು. ಮುಂದಿನ 12 ಹಲ್ಲಿಗೆ ತಲಾ ನಾಲ್ಕು ಮುಖ: ತುಟಿ ಕಡೆ ಒಂದು, ನಾಲಗೆ ಕಡೆ ಒಂದು, ಅಕ್ಕಪಕ್ಕದ ಹಲ್ಲಿಗೆ ತಾಗೋವು ಎರಡು. ಹಿಂದಿನ 16 ಹಲ್ಲಿಗೆ ಇನ್ನೊಂದು ಮುಖ ಹೆಚ್ಚು, ಅದೇ ಅಗಿಯೋ ಮೇಲ್ಮೈ. 48 ಪ್ಲಸ್ 80, ಒಟ್ಟು 128 ಮುಖ. ಅದರಲ್ಲಿ ಅಗಿಯೋ ಮೇಲ್ಮೈ ಬರೀ 16, ಅಂದ್ರೆ ಶೇ. 12.5. ಆದರೆ 1979–80ರಲ್ಲಿ ಅಮೆರಿಕದ ಶಾಲಾಮಕ್ಕಳ ರಾಷ್ಟ್ರೀಯ ಸಮೀಕ್ಷೆ ಮಾಡಿದಾಗ, ಒಟ್ಟು ಹುಳುಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಿಕ್ಕಿದ್ದು ಈ ಶೇ. 12.5ರ ಮೇಲೆ. ಎಂಟನೇ ಒಂದು ಭಾಗ ಆಸ್ತಿ, ಅರ್ಧಕ್ಕಿಂತ ಹೆಚ್ಚು ನಷ್ಟ. ಯಾವ ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಾದ್ರೂ ಹೀಗೆ ಬಂದಿದ್ರೆ ಆಡಿಟರ್ ಅಲ್ಲೇ ಪೆನ್ನು ಇಟ್ಟು ಕೂರ್ತಿದ್ದ.

ಯಾಕೆ ಹೀಗೆ? ಮತ್ತೆ, ಯಾವಾಗಲೂ ಹೀಗೇ ಇತ್ತಾ? ಎರಡನೇ ಪ್ರಶ್ನೆಗೆ ಉತ್ತರ ಇಲ್ಲ. ಹುಳುಕಿಗೂ ಒಂದು ಭೂಪಟ ಇದೆ, ಆ ಭೂಪಟ ಶತಮಾನದಿಂದ ಶತಮಾನಕ್ಕೆ ಬದಲಾಗಿದೆ. ಅದನ್ನ ಬದಲಾಯಿಸಿದ್ದು ಬೀಸೋ ಕಲ್ಲು, ಸಕ್ಕರೆ ಮೇಲಿನ ಸುಂಕ, ನಲ್ಲಿ ನೀರು, ಕೊನೆಗೆ ಲೋಹಕ್ಕೆ ಬಣ್ಣ ಬಳಿಯೋರ ಒಂದು ಟ್ರಿಕ್ಕು. ಇವತ್ತಿನ ಕಥೆ ಇದೇ.

ಮೊದಲು ತುಂಬಾ ಹಿಂದಕ್ಕೆ ಹೋಗೋಣ. ಉತ್ತರ ಇಟಲಿಯ ವಿಲ್ಲಾಬ್ರೂನಾ ಅನ್ನೋ ಜಾಗದಲ್ಲಿ ಸುಮಾರು 14,000 ವರ್ಷ ಹಳೆಯ ಒಬ್ಬ ಯುವಕನ ಅಸ್ಥಿಪಂಜರ ಸಿಕ್ಕಿತು. ಅವನಿಗೆ ಸುಮಾರು ಇಪ್ಪತ್ತೈದು ವಯಸ್ಸು, ಅಂದ್ರೆ ಇದನ್ನ ಕೇಳ್ತಿರೋ ನಿಮ್ಮಲ್ಲಿ ಅನೇಕರ ವಯಸ್ಸು. ಅವನ ಕೆಳಗಿನ ಬಲ ಬುದ್ಧಿ ಹಲ್ಲಿನ ಅಗಿಯೋ ಮೇಲ್ಮೈಯಲ್ಲಿ ಹುಳುಕಿನ ಗುಳಿ ಇದೆ, ಅದರೊಳಗೆ ಸಣ್ಣ ಕಲ್ಲಿನ ಚೂಪಿನಿಂದ ಕೆರೆದ ಗೀರುಗಳಿವೆ. 2015ರಲ್ಲಿ ಇದನ್ನ ಪ್ರಕಟಿಸಿದ ಸಂಶೋಧಕರು, ಹುಳುಕಿಗೆ ಮನುಷ್ಯ ಕೈಹಾಕಿ ಚಿಕಿತ್ಸೆ ಮಾಡಿದ್ದಕ್ಕೆ ಆವರೆಗೆ ಸಿಕ್ಕ ಅತಿ ಹಳೆಯ ಸಾಕ್ಷಿ ಇದು ಅಂದರು.

ಇನ್ನೊಂದು ನಮಗೆ ಹತ್ತಿರದ್ದು. ಈಗ ಪಾಕಿಸ್ತಾನದಲ್ಲಿರೋ ಬಲೂಚಿಸ್ತಾನದ ಮೆಹರ್‌ಗಢ. ಸುಮಾರು 9,000ದಿಂದ 7,500 ವರ್ಷಗಳ ಹಿಂದಿನ ಸ್ಮಶಾನ. ಅಲ್ಲಿ ಒಂಬತ್ತು ಜನರ ಹನ್ನೊಂದು ದವಡೆ ಹಲ್ಲುಗಳಲ್ಲಿ ಅಚ್ಚುಕಟ್ಟಾಗಿ ಕೊರೆದ ತೂತುಗಳು ಸಿಕ್ಕವು. ಎಲ್ಲಾ ಬಾಯಿಯ ಹಿಂಬದಿ. ಅಂದ್ರೆ ತೋರಿಸಿಕೊಳ್ಳೋಕೆ ಮಾಡಿದ ಅಲಂಕಾರ ಅಲ್ಲ, ಯಾರಿಗೂ ಕಾಣಿಸಲ್ಲ. ಕೆಲವು ತೂತುಗಳ ಪಕ್ಕದಲ್ಲೇ ಹುಳುಕಿನ ಗುರುತೂ ಇದೆ. ಮಣಿಗೆ ತೂತು ಕೊರೆಯೋ ಕಲ್ಲಿನ ಮೊನೆಗಳೂ ಅದೇ ಊರಲ್ಲಿ ಸಿಕ್ಕಿವೆ. ಬಿಲ್ಲಿನ ಹಾಗೆ ದಾರ ಸುತ್ತಿ ತಿರುಗಿಸೋ ಅಂಥ ಕೊರೆಕವನ್ನ ಸಂಶೋಧಕರು ಮತ್ತೆ ಮಾಡಿ ನೋಡಿದರು. ಒಂದು ನಿಮಿಷದೊಳಗೆ ಎನಾಮೆಲ್‌ನಲ್ಲಿ ತೂತಾಯಿತು. ಮಣಿಗಾರನೇ ಆ ಊರಿನ ಡೆಂಟಿಸ್ಟ್ ಆಗಿದ್ದಿರಬಹುದು ಅಂತ ಊಹಿಸೋಕೆ ನನಗಂತೂ ಖುಷಿ. ನೋವು ನೆನೆಸಿಕೊಂಡ್ರೆ ಖುಷಿ ಇಳಿದುಹೋಗುತ್ತೆ, ಅದು ಬೇರೆ ಮಾತು.

ಆಗಿನವರಿಗೆ ಕಾರಣ ಏನು ಅನ್ನಿಸಿತ್ತು? ನಮ್ಮ ಕನ್ನಡದ ಪದವನ್ನೇ ಕೇಳಿ: ಹುಳುಕು. ‘ಹಲ್ಲಿಗೆ ಹುಳ ಹಿಡಿದಿದೆ’ ಅಂತ ಈಗಲೂ ಅಜ್ಜಿಯರು ಹೇಳ್ತಾರೆ. ಸುಶ್ರುತ ಸಂಹಿತೆಯಲ್ಲಿ ಈ ರೋಗದ ಹೆಸರು ಕೃಮಿದಂತಕ. ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಹಲ್ಲು ತಿನ್ನೋ ಹುಳ ಇದೆ. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಹಲ್ಲಿನ ವೈದ್ಯದ ಮೇಲೆ ದೊಡ್ಡ ಪುಸ್ತಕ ಬರೆದು, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಅಂಥ ಹುಳ ಕಾಣಲಿಲ್ಲ ಅಂದ. ಹುಳ ಹೋಯ್ತು. ಆದರೆ ‘ಈ ಜಾಗದಲ್ಲೇ ಯಾಕೆ’ ಅನ್ನೋ ಪ್ರಶ್ನೆ ಉಳಿಯಿತು.

ಈಗ ಇಂಗ್ಲೆಂಡಿಗೆ ಬನ್ನಿ. ಈ ಕಥೆಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು.

1970ರ ದಶಕದಲ್ಲಿ ಮೂರ್ ಮತ್ತು ಕಾರ್ಬೆಟ್ ಅನ್ನೋ ಇಬ್ಬರು ಸಂಶೋಧಕರು ಬ್ರಿಟನ್ನಿನ ಹಳೇ ಸಮಾಧಿಗಳಿಂದ ಸಿಕ್ಕ ತಲೆಬುರುಡೆಗಳ ಹಲ್ಲುಗಳನ್ನ ಕಾಲಾನುಕ್ರಮದಲ್ಲಿ ನೋಡ್ತಾ ಹೋದರು. ಕಬ್ಬಿಣ ಯುಗ, ರೋಮನ್ನರ ಕಾಲ, ಆಂಗ್ಲೋ-ಸ್ಯಾಕ್ಸನ್ ಕಾಲ, ಮಧ್ಯಯುಗ, 17ನೇ ಶತಮಾನ, 19ನೇ ಶತಮಾನ. ಎಷ್ಟು ಹುಳುಕು ಅಂತ ಮಾತ್ರ ಎಣಿಸಿ ನಿಲ್ಲಿಸಲಿಲ್ಲ, ಹಲ್ಲಿನ ಯಾವ ಭಾಗದಲ್ಲಿ ಅಂತ ಗುರುತು ಹಾಕಿಕೊಂಡರು.

ಆಂಗ್ಲೋ-ಸ್ಯಾಕ್ಸನ್ ರೈತನ ಬಾಯಲ್ಲಿ ಹುಳುಕು ಇತ್ತು, ಆದರೆ ನಮ್ಮ ಹುಳುಕು ಇರೋ ಜಾಗದಲ್ಲಿ ಅಲ್ಲ. ಅದು ಹೆಚ್ಚಾಗಿ ಬರ್ತಿದ್ದದ್ದು ಹಲ್ಲಿನ ಕುತ್ತಿಗೆಯಲ್ಲಿ, ಅಂದ್ರೆ ಎನಾಮೆಲ್ ಮುಗಿದು ಬೇರು ಶುರುವಾಗೋ ಗೆರೆಯಲ್ಲಿ, ವಸಡಿನ ಹತ್ತಿರ. ಅದೂ ಹೆಚ್ಚಾಗಿ ವಯಸ್ಸಾದವರಿಗೆ. ಅಗಿಯೋ ಮೇಲ್ಮೈಯ ಕಣಿವೆಗಳಲ್ಲಿ ಕಡಿಮೆ. ಕಾರಣ ಬೀಸೋ ಕಲ್ಲು. ಕಲ್ಲಲ್ಲಿ ಬೀಸಿದ ಒರಟು ಹಿಟ್ಟು, ಅದರ ಜೊತೆ ಬೆರೆತ ಮರಳಿನಂಥ ಪುಡಿ, ಗಟ್ಟಿ ರೊಟ್ಟಿ. ವರ್ಷಗಟ್ಟಲೆ ಅದನ್ನ ಅಗಿದಾಗ ದವಡೆ ಹಲ್ಲಿನ ಗುಡ್ಡ ಸವೆದು ಕಣಿವೆಯೇ ಇಲ್ಲದಂತಾಗ್ತಿತ್ತು. ಬ್ಯಾಕ್ಟೀರಿಯಾಗೆ ಅವಿತುಕೊಳ್ಳೋಕೆ ಜಾಗವೇ ಇಲ್ಲ. ಮೇಲೆ ಸವೆದಷ್ಟೂ ಹಲ್ಲು ಮೆಲ್ಲಗೆ ಮೇಲೇಳ್ತಾ ಬರುತ್ತೆ, ಹಾಗಾಗಿ ಬೇರಿನ ಭಾಗ ಹೊರಗೆ ಕಾಣಿಸಿಕೊಳ್ಳುತ್ತೆ. ಅಲ್ಲಿ ಎನಾಮೆಲ್ಲಿನ ಕವಚ ಇಲ್ಲ. ಹುಳುಕು ಅಲ್ಲಿ ಹಿಡೀತಿತ್ತು.

ಈ ಮಾದರಿ ನೂರಾರು ವರ್ಷ ಹೆಚ್ಚು ಬದಲಾಗಲಿಲ್ಲ. 17ನೇ ಶತಮಾನದಲ್ಲಿ ಸ್ವಲ್ಪ ಅಲುಗಾಡಿತು. 19ನೇ ಶತಮಾನದ ಬುರುಡೆಗಳಿಗೆ ಬರೋ ಹೊತ್ತಿಗೆ ಭೂಪಟ ತಲೆಕೆಳಗು: ಎಳೇ ವಯಸ್ಸಿನಲ್ಲೇ, ಅಗಿಯೋ ಮೇಲ್ಮೈಯ ಸೀಳುಗಳಲ್ಲಿ ಮತ್ತು ಎರಡು ಹಲ್ಲು ಒಂದಕ್ಕೊಂದು ತಾಗೋ ಜಾಗದಲ್ಲಿ. ಅಂದ್ರೆ ನಮ್ಮ ಬಾಯಿಯ ಭೂಪಟ.

ಏನಾಯ್ತು ಮಧ್ಯೆ? ಇಲ್ಲಿ ವಾಣಿಜ್ಯ ಬರುತ್ತೆ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ಬೆವರಿನಿಂದ ಬೆಳೆದ ಸಕ್ಕರೆ ಮೊದಲು ಶ್ರೀಮಂತರ ಟೇಬಲ್ಲಿಗೆ ಬಂತು, ಆಮೇಲೆ ಎಲ್ಲರ ಟೀ ಲೋಟಕ್ಕೆ. 1800ರ ಸುಮಾರಿಗೆ ಬ್ರಿಟನ್ನಿನಲ್ಲಿ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸುಮಾರು 8 ಕೆ.ಜಿ. ಸಕ್ಕರೆ. 1900ರ ಹೊತ್ತಿಗೆ ಸುಮಾರು 40 ಕೆ.ಜಿ. ಮಧ್ಯದಲ್ಲಿ ಸರ್ಕಾರ ಸಕ್ಕರೆ ಮೇಲಿನ ಸುಂಕವನ್ನ ಹಂತಹಂತವಾಗಿ ಇಳಿಸಿ, 1874ರಲ್ಲಿ ಪೂರ್ತಿ ತೆಗೆದುಹಾಕಿತು. ಜಾಮ್, ಬಿಸ್ಕೆಟ್, ಮಿಠಾಯಿ ಕಾರ್ಖಾನೆಗಳು ಎದ್ದವು. ಅದೇ ದಶಕಗಳಲ್ಲಿ ಬೀಸೋ ಕಲ್ಲಿನ ಜಾಗಕ್ಕೆ ಉಕ್ಕಿನ ರೋಲರ್ ಗಿರಣಿಗಳು ಬಂದವು, ಹಿಟ್ಟು ಬೆಳ್ಳಗೆ, ಮೆತ್ತಗೆ ಆಯಿತು.

ಇದರ ಪರಿಣಾಮ ಎರಡು ಕಡೆಯಿಂದ. ಮೆತ್ತನೆ ರೊಟ್ಟಿ ಹಲ್ಲನ್ನ ಸವೆಸಲ್ಲ, ಹಾಗಾಗಿ ಕಣಿವೆಗಳು ಜೀವಮಾನವಿಡೀ ಉಳಿದವು. ಆ ಉಳಿದ ಕಣಿವೆಗಳಿಗೆ ಸಕ್ಕರೆ ಸುರೀತು. ಒಂದನ್ನ ಬಿಟ್ಟು ಇನ್ನೊಂದು ಆಗಿದ್ದರೆ ಇಷ್ಟು ಹಾಳಾಗ್ತಿರಲಿಲ್ಲವೇನೋ ಅನ್ನೋದು ನನ್ನ ಅನಿಸಿಕೆ. ಬೋಯರ್ ಯುದ್ಧದ ಕಾಲಕ್ಕೆ ಬ್ರಿಟಿಷ್ ಸೇನೆ ಸೇರೋಕೆ ಬಂದ ಸಾವಿರಾರು ಹುಡುಗರನ್ನ ಹಲ್ಲು ಕೆಟ್ಟಿದೆ ಅಂತಲೇ ವಾಪಸ್ ಕಳಿಸಬೇಕಾಯಿತು. ಸಾಮ್ರಾಜ್ಯ ಅಗ್ಗದ ಸಕ್ಕರೆ ತಂದುಕೊಟ್ಟಿತು, ಅದಕ್ಕೆ ಬೇಕಾದ ಸೈನಿಕನ ದವಡೆ ಹಲ್ಲು ಆ ಸಕ್ಕರೆಯಲ್ಲೇ ಹೋಯ್ತು.

ಕಾರಣ ಏನು ಅಂತ ರಸಾಯನದ ಲೆಕ್ಕದಲ್ಲಿ ಹೇಳಿದವನು ಡಬ್ಲ್ಯು.ಡಿ. ಮಿಲ್ಲರ್. ಬರ್ಲಿನ್‌ನಲ್ಲಿ ಕೆಲಸ ಮಾಡ್ತಿದ್ದ ಅಮೆರಿಕನ್. 1890ರಲ್ಲಿ ಬಂದ ಅವನ ಪುಸ್ತಕದ ತಿರುಳು ಇಷ್ಟು: ಬಾಯಲ್ಲಿರೋ ಬ್ಯಾಕ್ಟೀರಿಯಾ ಪಿಷ್ಟ-ಸಕ್ಕರೆಯನ್ನ ಹುಳಿ ಮಾಡುತ್ತೆ, ಆ ಆಮ್ಲ ಹಲ್ಲನ್ನ ಕರಗಿಸುತ್ತೆ. ಇಡ್ಲಿ ಹಿಟ್ಟು ಹುದುಗೋ ಥರವೇ, ಜಾಗ ಮಾತ್ರ ಬೇರೆ. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅನ್ನೋನು ಇದನ್ನ ಹಲ್ಲಿನ ಮೇಲೇ ಅಳೆದು ತೋರಿಸಿದ. ಸಕ್ಕರೆ ನೀರು ಬಾಯಿಗೆ ಹಾಕಿಕೊಂಡ ಕೆಲವೇ ನಿಮಿಷದಲ್ಲಿ ಹಲ್ಲಿನ ಮೇಲಿನ ಪದರದ ಪಿಎಚ್ ಧಡಾರ್ ಅಂತ ಇಳಿಯುತ್ತೆ. ಮತ್ತೆ ಮೊದಲಿನ ಮಟ್ಟಕ್ಕೆ ಬರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಸುಮಾರು 5.5ಕ್ಕಿಂತ ಕೆಳಗೆ ಹೋದ್ರೆ ಎನಾಮೆಲ್ ಕರಗೋಕೆ ಶುರು. ಈ 5.5 ಅನ್ನೋ ಅಂಕಿ ನೆನಪಿಟ್ಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ.

ಈಗ ಜಾಗದ ಪ್ರಶ್ನೆಗೆ ಬರೋಣ. ಆಮ್ಲವನ್ನ ತೊಳೆಯೋದು ಎಂಜಲು. ನಾವು ಅದನ್ನ ಅಸಹ್ಯ ಅಂತೀವಿ, ಎಂಜಲು-ಮುಸುರೆ ಅಂತ ದೂರ ಇಡ್ತೀವಿ, ಆದರೆ ಹಲ್ಲಿಗೆ ಅದಕ್ಕಿಂತ ದೊಡ್ಡ ಕಾವಲುಗಾರ ಇಲ್ಲ. ಆಮ್ಲವನ್ನ ತಣಿಸುತ್ತೆ, ಕ್ಯಾಲ್ಸಿಯಂ-ಫಾಸ್ಫೇಟ್ ವಾಪಸ್ ತಂದು ತುಂಬುತ್ತೆ. ಆದ್ರೆ ಈ ಕಾವಲುಗಾರ ಎಲ್ಲಾ ಬೀದಿಗೂ ಸಮನಾಗಿ ಬರಲ್ಲ. ನಾಲಗೆ ಕೆಳಗೆ ಎಂಜಲಿನ ದೊಡ್ಡ ನಲ್ಲಿಗಳಿವೆ, ಕೆಳಗಿನ ಮುಂದಿನ ಹಲ್ಲುಗಳು ಸದಾ ಅದರಲ್ಲೇ ಮೀಯುತ್ತಿರುತ್ತವೆ. ಹಾಗಾಗಿ ಅಲ್ಲಿ ಹುಳುಕು ಅಪರೂಪ, ಬದಲಿಗೆ ಕಲ್ಲಿನಂಥ ಪಾಚಿ ಕಟ್ಟುತ್ತೆ. ಮೇಲಿನ ಮುಂದಿನ ಹಲ್ಲುಗಳ ತುಟಿ ಕಡೆಗೆ ಎಂಜಲು ಹರಿಯೋದು ತುಂಬಾ ನಿಧಾನ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡೇ ಮಲಗೋ ಪುಟಾಣಿಗಳಿಗೆ ಮೇಲಿನ ಹಾಲುಹಲ್ಲುಗಳು ಕಪ್ಪಾಗಿ, ಕೆಳಗಿನ ನಾಲ್ಕು ಮಾತ್ರ ಮುತ್ತಿನ ಹಾಗೆ ಉಳಿದಿರೋದನ್ನ ನೀವೂ ನೋಡಿರಬಹುದು. ಕೆಳಗಿನವಕ್ಕೆ ನಾಲಗೆಯ ಹೊದಿಕೆ, ಎಂಜಲಿನ ಸ್ನಾನ. ಮೇಲಿನವು ಹಾಲಿನಲ್ಲಿ ಮುಳುಗಿರುತ್ತವೆ. ಒಂದೇ ಮಗು, ಒಂದೇ ಬಾಟಲಿ, ಎರಡು ಫಲಿತಾಂಶ.

ಕಣಿವೆಗಳದ್ದು ಇನ್ನೂ ಕಷ್ಟ. ಬ್ರಷ್ಷಿನ ಒಂದು ಎಳೆ ಸುಮಾರು 0.2 ಮಿ.ಮೀ. ದಪ್ಪ. ಎಷ್ಟೋ ಹಲ್ಲುಗಳ ಸೀಳು ಅದಕ್ಕಿಂತ ಇಕ್ಕಟ್ಟು. ಪೊರಕೆಗಿಂತ ಸಣ್ಣ ಸಂದಿಯನ್ನ ಗುಡಿಸೋ ಹಾಗೆ. ಎಂಜಲೂ ತಳ ಮುಟ್ಟಲ್ಲ. ಸಾಲದ್ದಕ್ಕೆ ಕಣಿವೆಯ ತಳದಲ್ಲಿ ಎನಾಮೆಲ್ ತೆಳು. ಗುಡ್ಡದ ತುದಿಯಲ್ಲಿ ಎರಡು ಮಿ.ಮೀ.ಗೂ ಹೆಚ್ಚಿರೋ ಕವಚ, ತಳದಲ್ಲಿ ಅದರ ಸಣ್ಣ ಪಾಲು ಮಾತ್ರ. ಎರಡು ಹೊತ್ತು ಬ್ರಷ್ ಮಾಡಿದ್ರೂ ಹುಳುಕು ಬಂದವರನ್ನ ‘ಸೋಮಾರಿ, ಹಲ್ಲುಜ್ಜಲ್ಲ’ ಅಂತ ಬೈಯೋ ಮುಂಚೆ ಇದನ್ನ ನೆನಪಿಸಿಕೊಂಡ್ರೆ ಒಳ್ಳೇದು. ಕೆಲವರ ಕಣಿವೆ ಆಳ, ಕೆಲವರದ್ದು ತೆರೆದದ್ದು. ಅದು ಅವರು ಆರಿಸಿಕೊಂಡದ್ದಲ್ಲ.

ಈ ಭೂಪಟಕ್ಕೆ ನಂಬರ್ ಹಾಕಿದವನು ಅಮೆರಿಕದ ಇಲಿನಾಯ್ ರಾಜ್ಯದ ಜಿ.ವಿ. ಬ್ಲಾಕ್. 1836ರಲ್ಲಿ ಹುಟ್ಟಿದ, ಬಹುಪಾಲು ಸ್ವಂತ ಓದಿನಿಂದಲೇ ಬೆಳೆದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತ ಕಾಲೇಜಿನ ಡೀನ್ ಆದ. ಅವನು ಹುಳುಕನ್ನ ಜಾಗದ ಪ್ರಕಾರ ವಿಂಗಡಿಸಿದ. ಮೊದಲನೇ ವರ್ಗ ಗುಳಿ ಮತ್ತು ಸೀಳು. ಎರಡನೇದು ಹಿಂದಿನ ಹಲ್ಲುಗಳ ನಡುವಿನ ಸಂದು. ಮೂರು, ನಾಲ್ಕು ಮುಂದಿನ ಹಲ್ಲುಗಳ ನಡುವೆ. ಐದು ವಸಡಿನ ಹತ್ತಿರ. ಇವತ್ತಿಗೂ ಬೆಂಗಳೂರು, ದಾವಣಗೆರೆ, ಮಂಗಳೂರಿನ ಯಾವುದೇ ಡೆಂಟಲ್ ಕಾಲೇಜಿನ ಸ್ಟೂಡೆಂಟ್‌ನ ಎಬ್ಬಿಸಿ ಕೇಳಿ, ನಿದ್ದೆಗಣ್ಣಲ್ಲೂ ಕ್ಲಾಸ್ ಒನ್, ಕ್ಲಾಸ್ ಟೂ ಅಂತ ಒಪ್ಪಿಸ್ತಾರೆ.

ಬ್ಲಾಕ್‌ನ ಇನ್ನೊಂದು ಸೂತ್ರ ಮಾತ್ರ ಅಷ್ಟು ಸಲೀಸಾಗಿ ಒಪ್ಪೋ ಹಾಗಿಲ್ಲ. ‘ತಡೆಗಾಗಿ ವಿಸ್ತರಣೆ’ ಅಂತ ಅದರ ಹೆಸರು. ಸೀಳಿನಲ್ಲಿ ಒಂದು ಕಡೆ ಹುಳುಕು ಕಂಡರೆ, ಅಷ್ಟನ್ನೇ ಕೊರೆದು ನಿಲ್ಲಬೇಡಿ, ಆ ಸೀಳು ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲಾ ಕೊರೀರಿ, ತಾನಾಗೇ ಸ್ವಚ್ಛವಾಗೋ ನುಣುಪು ಗೋಡೆ ಸಿಗೋವರೆಗೂ. ಆಮೇಲೆ ತುಂಬಿ. ಅವನ ಕಾಲಕ್ಕೆ ತರ್ಕ ಸರಿಯಾಗೇ ಇತ್ತು, ಅಂಟೋ ವಸ್ತು ಇರಲಿಲ್ಲ, ಫ್ಲೋರೈಡ್ ಗೊತ್ತಿರಲಿಲ್ಲ. ಆದರೆ ಪರಿಣಾಮ? ಮುಂದಿನ ಐವತ್ತು-ಅರವತ್ತು ವರ್ಷ ಜಗತ್ತಿನಾದ್ಯಂತ ಆರೋಗ್ಯವಾಗಿದ್ದ ಹಲ್ಲಿನ ಭಾಗವನ್ನೂ ಕೊರೆದು ತೆಗೆದರು. ತುಂಬಿದ ಹಲ್ಲು ಎಂದಾದರೂ ಬಿಟ್ಟುಕೊಳ್ಳುತ್ತೆ, ಮತ್ತೆ ತುಂಬಬೇಕು, ಪ್ರತಿ ಸಲ ತೂತು ಸ್ವಲ್ಪ ದೊಡ್ಡದು. ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ.

ಈ ತರ್ಕವನ್ನ ತುದಿಗೆ ಒಯ್ದವನು ಥಾಡಿಯಸ್ ಹಯಾಟ್. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಲೈಫ್ ಇನ್ಶೂರೆನ್ಸ್ ಕಂಪನಿಯ ದಂತ ವಿಭಾಗ ನೋಡಿಕೊಳ್ತಿದ್ದವನು. 1923ರಲ್ಲಿ ಅವನು ಹೇಳಿದ್ದು: ಹುಳುಕು ಬರೋವರೆಗೆ ಕಾಯೋದ್ಯಾಕೆ? ಹಲ್ಲು ಹುಟ್ಟಿದ ಕೂಡಲೇ, ಹುಳುಕೇ ಇಲ್ಲದಿದ್ದರೂ, ಸೀಳನ್ನ ಸ್ವಲ್ಪ ಕೊರೆದು ತುಂಬಿಬಿಡಿ. ಇನ್ಶೂರೆನ್ಸ್ ಕಂಪನಿಯಲ್ಲಿ ಕೂತವನ ಯೋಚನೆ ಅಂತ ನೋಡಿದ್ರೆ ಅರ್ಥವಾಗುತ್ತೆ, ಇವತ್ತಿನ ಸಣ್ಣ ಖರ್ಚು, ನಾಳೆಯ ದೊಡ್ಡ ಕ್ಲೈಮ್ ಇಲ್ಲ. ಮಗುವಿನ ಒಳ್ಳೇ ಹಲ್ಲಿಗೆ ಡ್ರಿಲ್ ಇಡೋದು ಅನ್ನೋ ಮಾತು ಆ ಲೆಡ್ಜರಿನಲ್ಲಿ ಎಲ್ಲೂ ಬರಲ್ಲ. 1929ರಲ್ಲಿ ಬೋಡೆಕರ್ ಅನ್ನೋ ಇನ್ನೊಬ್ಬ ಸ್ವಲ್ಪ ಮೃದುವಾದ ದಾರಿ ಹೇಳಿದ: ಸೀಳನ್ನ ಉಜ್ಜಿ ಅಗಲ ಮಾಡಿ, ಬ್ರಷ್ ಹೋಗೋ ಹಾಗೆ. ಆಂಗ್ಲೋ-ಸ್ಯಾಕ್ಸನ್ ಬೀಸೋ ಕಲ್ಲು ಪುಕ್ಕಟೆ ಮಾಡ್ತಿದ್ದ ಕೆಲಸವನ್ನೇ ಈಗ ಡಾಕ್ಟ್ರು ಮಷೀನಲ್ಲಿ ಮಾಡೋದು!

ಈ ಮಧ್ಯೆ ಕಣ್ಣಿಗೆ ಕಾಣದ ಗೋಡೆಯೊಂದು ಇತ್ತಲ್ಲ, ಎರಡು ಹಲ್ಲುಗಳ ನಡುವಿನದು. ಮೇಲಿಂದ ನೋಡಿದ್ರೆ ಹಲ್ಲು ಚೆನ್ನಾಗೇ ಕಾಣುತ್ತೆ, ಒಳಗೆ ಟೊಳ್ಳು. 1925ರಲ್ಲಿ ಹೋವರ್ಡ್ ರೇಪರ್, ಹಲ್ಲುಗಳಲ್ಲಿ ಕಚ್ಚಿ ಹಿಡಿಯೋ ಸಣ್ಣ ಎಕ್ಸ್-ರೇ ಫಿಲ್ಮ್ ತಂದ. ಈಗಲೂ ಡೆಂಟಿಸ್ಟ್ ‘ಕಚ್ಕೊಳ್ಳಿ’ ಅಂತಾರಲ್ಲ, ಅದೇ. ಅಲ್ಲಿವರೆಗೂ ನೋವು ಬಂದ ಮೇಲಷ್ಟೇ ಗೊತ್ತಾಗ್ತಿದ್ದ ಮುಖ ಅದು.

ಆಮೇಲೆ ಬಂದದ್ದು ನೀರಿನ ಕಥೆ. 1901ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ ಫ್ರೆಡರಿಕ್ ಮೆಕೇ ಅನ್ನೋ ಹೊಸ ಡೆಂಟಿಸ್ಟ್‌ಗೆ ಅಲ್ಲಿನವರ ಹಲ್ಲಿನ ಮೇಲೆ ಕಂದು ಕಲೆ ಕಂಡಿತು. ವಿಚಿತ್ರ ಏನಂದ್ರೆ ಆ ಕಲೆಯ ಹಲ್ಲಿಗೆ ಹುಳುಕು ಕಡಿಮೆ. ನಮ್ಮ ಬ್ಲಾಕ್ ಕೂಡ 1909ರಲ್ಲಿ ಬಂದು ಈ ತನಿಖೆಗೆ ಕೈಜೋಡಿಸಿದ. ಉತ್ತರ ಸಿಕ್ಕಿದ್ದು 1931ರಲ್ಲಿ, ಅಲ್ಕೋವಾ ಅಲ್ಯೂಮಿನಿಯಂ ಕಂಪನಿಯ ಪ್ರಯೋಗಾಲಯದಲ್ಲಿ: ಕುಡಿಯೋ ನೀರಿನಲ್ಲಿ ಫ್ಲೋರೈಡ್. 1945ರ ಜನವರಿ 25ರಂದು ಮಿಶಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್ ತನ್ನ ನಲ್ಲಿ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಬೆರೆಸಿದ ಜಗತ್ತಿನ ಮೊದಲ ನಗರವಾಯಿತು. ಆಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ. 60ಕ್ಕೂ ಹೆಚ್ಚು ಇಳಿಯಿತು.

ನಮ್ಮ ಕಡೆಯವರು ಇಲ್ಲಿ ಒಂದು ಮಾತು ಕೇಳ್ತಾರೆ, ಕೇಳಲೇಬೇಕು ಕೂಡ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು, ಮೂಳೆ ಕೆಡುತ್ತಲ್ಲ? ಹೌದು. ಲೀಟರಿಗೆ 1 ಮಿ.ಗ್ರಾಂ ಮದ್ದು, ಅದರ ಎರಡು-ಮೂರು ಪಟ್ಟು ರೋಗ. ಆ ತಾಲೂಕುಗಳಿಗೆ ಬೇಕಿರೋದು ಫ್ಲೋರೈಡ್ ತೆಗೆಯೋ ಘಟಕ, ಬೆರೆಸೋ ಘಟಕ ಅಲ್ಲ.

ನಮ್ಮ ವಿಷಯಕ್ಕೆ ಬೇಕಾದ ಪ್ರಯೋಗ ನಡೆದದ್ದು ನೆದರ್‌ಲೆಂಡ್ಸ್‌ನಲ್ಲಿ. ಟೀಲ್ ಮತ್ತು ಕ್ಯೂಲೆಂಬೊರ್ಖ್ ಅನ್ನೋ ಎರಡು ಊರು. 1953ರಲ್ಲಿ ಟೀಲ್‌ನ ನೀರಿಗೆ ಫ್ಲೋರೈಡ್ ಹಾಕಿದರು, ಇನ್ನೊಂದಕ್ಕೆ ಹಾಕಲಿಲ್ಲ. ಬಾಕರ್ ಡಿರ್ಕ್ಸ್ ಅನ್ನೋ ಸಂಶೋಧಕ ವರ್ಷಗಟ್ಟಲೆ ಎರಡೂ ಊರಿನ ಮಕ್ಕಳ ಹಲ್ಲನ್ನ ಮುಖದಿಂದ ಮುಖಕ್ಕೆ ಎಣಿಸಿದ. ನುಣುಪು ಗೋಡೆಗಳಲ್ಲಿ ಹುಳುಕು ಅತಿ ಹೆಚ್ಚು ಇಳಿದಿತ್ತು. ಹಲ್ಲುಗಳ ನಡುವೆಯೂ ಚೆನ್ನಾಗಿ ಇಳಿದಿತ್ತು. ಕಣಿವೆಗಳಲ್ಲಿ? ಅಲ್ಲೂ ಇಳಿಯಿತು, ಆದರೆ ತುಂಬಾ ಕಡಿಮೆ. ಫ್ಲೋರೈಡ್ ಎಂಬ ಹೊಸ ಕಾವಲುಗಾರನಿಗೂ ಆ ಇಕ್ಕಟ್ಟಿನ ಓಣಿ ಕಷ್ಟವೇ. ಅಂದಹಾಗೆ, 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನೀರಿಗೆ ಫ್ಲೋರೈಡ್ ಹಾಕೋಕೆ ಕಾನೂನಿನ ಆಧಾರ ಇಲ್ಲ ಅಂದಿತು, ಟೀಲ್‌ನ ಪ್ರಯೋಗವೂ ಅಲ್ಲಿಗೆ ಮುಗೀತು.

ಶುರುವಿನಲ್ಲಿ ಹೇಳಿದ ಅರ್ಧಕ್ಕಿಂತ ಹೆಚ್ಚು ಅನ್ನೋ ಲೆಕ್ಕಕ್ಕೆ ಈಗ ಬನ್ನಿ. ಅದನ್ನ ಕೇಳಿ ‘ಕಣಿವೆಗಳಲ್ಲಿ ಹುಳುಕು ಹೆಚ್ಚಾಗ್ತಿದೆ’ ಅಂದ್ಕೊಂಡ್ರೆ ತಪ್ಪು. ಒಟ್ಟು ಹುಳುಕು ಇಳೀತಾ ಇತ್ತು. ನುಣುಪು ಗೋಡೆಗಳದ್ದು ಸರ್ರನೆ ಇಳಿಯಿತು, ಕಣಿವೆಗಳದ್ದು ನಿಧಾನಕ್ಕೆ. ಹಾಗಾಗಿ ಉಳಿದದ್ದರಲ್ಲಿ ಕಣಿವೆಗಳ ಪಾಲು ದೊಡ್ಡದಾಗಿ ಕಾಣಿಸ್ತು. ಮಾರುಕಟ್ಟೆ ಕುಗ್ಗಿದಾಗ ಕಮ್ಮಿ ಕುಗ್ಗಿದ ಕಂಪನಿಯ ಮಾರ್ಕೆಟ್ ಶೇರ್ ಏರೋ ಹಾಗೆ. ಶೇಕಡಾವಾರು ಅಂಕಿ ಕಂಡಾಗಲೆಲ್ಲಾ ‘ಯಾವುದರ ಶೇಕಡಾ?’ ಅಂತ ಕೇಳೋ ಅಭ್ಯಾಸ ಈ ಒಂದು ಉದಾಹರಣೆಯಿಂದಲೇ ಕಲಿಯಬಹುದು.

ಸರಿ, ಆ ಮೊಂಡು ಕಣಿವೆಗೆ ಏನು ಮಾಡೋದು? ಉತ್ತರ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಿಂದ ಬಂತು. ಕೊಡಾಕ್ ಕ್ಯಾಮೆರಾದ ಜಾರ್ಜ್ ಈಸ್ಟ್‌ಮನ್ ದುಡ್ಡಿನಲ್ಲಿ ಶುರುವಾದ ಒಂದು ಮಕ್ಕಳ ದಂತ ಚಿಕಿತ್ಸಾಲಯ ಅಲ್ಲಿತ್ತು. ಅಲ್ಲಿದ್ದ ಮೈಕೆಲ್ ಬುವೊನೊಕೋರ್‌ಗೆ ಇದ್ದ ಸಮಸ್ಯೆ, ಪ್ಲಾಸ್ಟಿಕ್ ಎನಾಮೆಲ್‌ಗೆ ಅಂಟಲ್ಲ. ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಬಳಿಯೋ ಮುಂಚೆ ಫಾಸ್ಫಾರಿಕ್ ಆಮ್ಲ ಹಚ್ಚಿ ಒರಟು ಮಾಡ್ತಾರೆ, ಆಗ ಬಣ್ಣ ಹಿಡಿದು ನಿಲ್ಲುತ್ತೆ. ಅವನು ಅದನ್ನೇ ಹಲ್ಲಿಗೆ ಮಾಡಿದ. ಶೇ. 85ರ ಫಾಸ್ಫಾರಿಕ್ ಆಮ್ಲ, ಮೂವತ್ತು ಸೆಕೆಂಡು, ತೊಳೆದು ಒಣಗಿಸಿ, ಮೇಲೆ ಪ್ಲಾಸ್ಟಿಕ್. ಅಂಟಿಕೊಂಡು ಕೂತಿತು. 1955ರಲ್ಲಿ ಪ್ರಕಟವಾದ ಈ ಪುಟ್ಟ ಲೇಖನದಿಂದಲೇ ಇವತ್ತಿನ ಬಿಳಿ ಫಿಲ್ಲಿಂಗ್‌ಗಳ ಲೋಕ ತೆರೆದುಕೊಂಡಿತು. ಹಲ್ಲು ಕರಗಿಸೋ ಆಮ್ಲವನ್ನೇ ಹಲ್ಲು ಉಳಿಸೋಕೆ ಬಳಸಿದ್ದು. ಈ ಇಡೀ ಚರಿತ್ರೆಯಲ್ಲಿ ಇಷ್ಟು ಚೆಂದದ ತಿರುವು ಇನ್ನೊಂದಿಲ್ಲ.

1967ರಲ್ಲಿ ಅವನು ಮತ್ತು ಸಹೋದ್ಯೋಗಿ ಕ್ವೆಟೊ, ಕಣಿವೆಗೆ ಅಂಟು ಸುರಿದು ಮುಚ್ಚಿದ ಫಲಿತಾಂಶ ಪ್ರಕಟಿಸಿದರು. ಬಳಸಿದ್ದು ಸಯಾನೊಅಕ್ರಿಲೇಟ್, ಅಂದ್ರೆ ನಮ್ಮ ಫೆವಿಕ್ವಿಕ್‌ನ ಕುಲದ್ದು. ಹುಳುಕು ಇಳಿಯಿತು, ಆದರೆ ಆ ಅಂಟು ಬಾಯಿಯ ತೇವದಲ್ಲಿ ಹೆಚ್ಚು ದಿನ ಬಾಳಲ್ಲ. ಅಷ್ಟರಲ್ಲಿ ರಾಫೆಲ್ ಬೋವೆನ್ ಅನ್ನೋನು ಗಟ್ಟಿಯಾದ ಹೊಸ ರಾಳವೊಂದಕ್ಕೆ 1962ರಲ್ಲಿ ಪೇಟೆಂಟ್ ಪಡೆದಿದ್ದ. ಅದನ್ನ ಬೆಳಕಿನಿಂದ ಗಟ್ಟಿ ಮಾಡೋ ವಿಧಾನ ಸೇರಿತು. 1971ರಲ್ಲಿ ಅಂಗಡಿಗೆ ಬಂತು ಸೀಲೆಂಟ್. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ, ಕಣಿವೆಗೆ ಒಂದು ತೆಳು ಮೇಣದಂಥ ಮುಚ್ಚಳ. ಹಯಾಟ್ 1923ರಲ್ಲಿ ಕೇಳಿದ ಪ್ರಶ್ನೆ ಸರಿಯಾಗೇ ಇತ್ತು, ಕೊರೆಯದೇ ಉತ್ತರ ಸಿಗೋಕೆ ಅರ್ಧ ಶತಮಾನ ಬೇಕಾಯ್ತು.

ಆದರೂ ಎಷ್ಟೋ ಡೆಂಟಿಸ್ಟ್‌ಗಳು ವರ್ಷಗಟ್ಟಲೆ ಹಿಂದೇಟು ಹಾಕಿದರು. ಒಳಗೆ ಬ್ಯಾಕ್ಟೀರಿಯಾ ಇದ್ದು ಮೇಲೆ ಮುಚ್ಚಿಬಿಟ್ಟರೆ? ಅದಕ್ಕೂ ಪರೀಕ್ಷೆ ನಡೀತು. ಮುಚ್ಚಳ ಭದ್ರವಾಗಿದ್ದರೆ ಕೆಳಗಿನ ಹುಳುಕು ಮುಂದುವರಿಯೋದಿಲ್ಲ ಅಂತ 1998ರಲ್ಲಿ ಪ್ರಕಟವಾದ ಹತ್ತು ವರ್ಷದ ಅಧ್ಯಯನವೊಂದು ತೋರಿಸಿತು. ಊಟ ಸಿಗದ ಬ್ಯಾಕ್ಟೀರಿಯಾ ಒಳಗೇ ಸೊರಗುತ್ತೆ. ಅಮೆರಿಕದ ಸಿಡಿಸಿ ಹೇಳೋ ಪ್ರಕಾರ ಸೀಲೆಂಟ್ ಹಾಕಿದ ಮೇಲಿನ ಎರಡು ವರ್ಷ ದವಡೆ ಹಲ್ಲಿನ ಹುಳುಕಲ್ಲಿ ಶೇ. 80ನ್ನ ತಡೆಯಬಹುದು.

ನಿಮ್ಮ ಮನೆಯಲ್ಲಿ ಆರು ವರ್ಷದ ತಮ್ಮ, ತಂಗಿ, ಅಕ್ಕನ ಮಗ ಯಾರಾದ್ರೂ ಇದ್ದರೆ ಈ ಮಾತು ಅವರಿಗೆ. ಆ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೇ, ಸದ್ದಿಲ್ಲದೇ ಒಂದು ಹೊಸ ದವಡೆ ಹಲ್ಲು ಏಳುತ್ತೆ. ಎಷ್ಟೋ ಅಪ್ಪ-ಅಮ್ಮಂದಿರು ಅದೂ ಹಾಲುಹಲ್ಲೇ, ಬಿದ್ದುಹೋಗುತ್ತೆ ಬಿಡು ಅಂದ್ಕೊಳ್ತಾರೆ. ಅದು ಬೀಳಲ್ಲ, ಅದು ಜೀವನಪೂರ್ತಿ ಇರಬೇಕಾದ್ದು. ಪೂರ್ತಿ ಮೇಲೆ ಬಂದು ಎದುರಿನ ಹಲ್ಲಿಗೆ ತಾಗೋವರೆಗೆ ಎಷ್ಟೋ ತಿಂಗಳು ಅದು ಬೇರೆಯವಕ್ಕಿಂತ ತಗ್ಗಿನಲ್ಲೇ ಇರುತ್ತೆ. ಬ್ರಷ್ ಅದರ ಮೇಲಿಂದ ಹಾದುಹೋಗುತ್ತೆ, ಅಗಿಯುವಾಗಿನ ಉಜ್ಜಾಟವೂ ಇಲ್ಲ. ಬ್ರಷ್ಷನ್ನ ಕೆನ್ನೆ ಕಡೆಯಿಂದ ಅಡ್ಡ ಹಿಡಿದು ಆ ಒಂದು ಹಲ್ಲನ್ನ ಬೇರೆಯಾಗಿ ಉಜ್ಜಿ ಕೊಡಿ. ಡೆಂಟಿಸ್ಟ್ ಹತ್ತಿರ ಹೋದಾಗ ಸೀಲೆಂಟ್ ಬೇಕಾ ಅಂತ ಕೇಳಿ.

ಕೊನೆಗೆ 5.5. ಅದು ಎನಾಮೆಲ್‌ನ ಅಂಕಿ ಅಂದೆ. ಬೇರಿನ ಮೇಲ್ಮೈ ಅದಕ್ಕಿಂತ ಬೇಗ ಸೋಲುತ್ತೆ, ಪಿಎಚ್ ಆರಕ್ಕಿಂತ ಮೇಲಿರೋವಾಗಲೇ ಕರಗೋಕೆ ಶುರು. ಹಿಂದೆ ಅರವತ್ತಕ್ಕೆಲ್ಲಾ ಎಷ್ಟೋ ಜನರ ಬಾಯಿ ಬೋಳು. ಈಗ ಎಪ್ಪತ್ತು-ಎಂಬತ್ತಕ್ಕೂ ಹಲ್ಲು ಉಳಿದಿರುತ್ತೆ, ವಸಡು ಮಾತ್ರ ಹಿಂದೆ ಸರಿದು ಬೇರು ಹೊರಗೆ ಬಂದಿರುತ್ತೆ. ಬಿಪಿ, ಖಿನ್ನತೆ, ಅಲರ್ಜಿಗೆ ಕೊಡೋ ಹಲವು ಮಾತ್ರೆಗಳು ಎಂಜಲನ್ನೂ ಒಣಗಿಸುತ್ತವೆ. ಹಾಗಾಗಿ ವಯಸ್ಸಾದವರ ಬಾಯಲ್ಲಿ ಈಗ ಹುಳುಕು ಹಿಡೀತಿರೋದು ಅದೇ ಹಳೇ ಗೆರೆಯಲ್ಲಿ, ಎನಾಮೆಲ್ ಮುಗಿದು ಬೇರು ಶುರುವಾಗೋ ಕಡೆ. ಮೂರ್ ಮತ್ತು ಕಾರ್ಬೆಟ್ ಆಂಗ್ಲೋ-ಸ್ಯಾಕ್ಸನ್ ಬುರುಡೆಗಳಲ್ಲಿ ಗುರುತು ಹಾಕಿದ ಜಾಗದಲ್ಲೇ. ಮನೆಯಲ್ಲಿ ಅಜ್ಜ-ಅಜ್ಜಿ ‘ಬಾಯಿ ಒಣಗುತ್ತೆ ಕಣೋ’ ಅಂತ ಪೆಪ್ಪರ್‌ಮೆಂಟ್ ಚೀಪ್ತಿದ್ರೆ, ಅದರ ಬದಲು ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟು, ಯಾವ ಮಾತ್ರೆಯಿಂದ ಹೀಗಾಗ್ತಿದೆ ಅಂತ ಡಾಕ್ಟ್ರನ್ನ ಕೇಳಿ.

ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.